ಒಂದು ಮೊರ ತೌಡು

ಮಗುವನ್ನು ಒಂಟಿಯಾಗಿ ಕೂರಿಸಿ ಮಾತನಾಡಿಸದೆ ನಾನು ಯಾವ ಪ್ರಯಾಣದ ಒಪ್ಪಿಗೆ ಪತ್ರಕ್ಕೂ ಸೀಲು ಒತ್ತುತ್ತಿರಲಿಲ್ಲ. ಹಾಗೆ ಮಾಡಬೇಕೆಂದು ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ. ತಂದೆ ತಾಯಿ ಬಂದು, ಪತ್ರ ಓದಿಸಿಕೊಂಡು, ಇದೆಲ್ಲ ನಿಜ ಎಂದು ಪ್ರಮಾಣ ಮಾಡಿ ಸಹಿ ಹಾಕಿದರೆ ನೋಟರಿಯ ಕೆಲಸ ಮುಗಿಯಿತು. ಆದರೆ ದೊಡ್ಡವರು ಮಾಡುವ ಪ್ರಮಾಣಗಳನ್ನು ನಾನು ವಕೀಲನಾಗಿ ಪಾಂಡವಪುರದ ಕೋರ್ಟಿನಲ್ಲಿ ದಿನವೂ ಕೇಳುತ್ತಿದ್ದೆ. ಅವುಗಳ ಮೇಲೆ ನನಗೆ ಉಳಿದಿದ್ದ ನಂಬಿಕೆ ಅಷ್ಟಕ್ಕಷ್ಟೆ. ಹಾಲಿನವನ ಎದುರಿಗೇ ಹಾಲಿಗೆ ಬೆರಳು ಅದ್ದಿ ನೋಡುವ ಗಂಡಸು ಇವರೊಬ್ಬರೇ ಎಂದು ನನ್ನ ಹೆಂಡತಿ ನೆಂಟರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದಳು. ನಗಲಿ. ಹಾಲಿಗೆ ನೀರು ಬೆರೆಸುವವರು ಇರುವುದು ಸುಳ್ಳಲ್ಲವಲ್ಲ.

ತೊಂಬತ್ತರ ದಶಕದ ನಡುಭಾಗ. ನಮ್ಮ ಸುತ್ತಿನಿಂದ ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗುವವರು ಅಲ್ಲೊಬ್ಬ ಇಲ್ಲೊಬ್ಬ ಕಾಣತೊಡಗಿದ್ದರು. ಒಂದು ಸೋಮವಾರ ಶ್ರೀರಂಗಪಟ್ಟಣದ ಏಜೆಂಟನೊಬ್ಬ ಒಬ್ಬ ಹೆಂಗಸನ್ನೂ ಒಂದು ಹೆಣ್ಣುಮಗುವನ್ನೂ ನನ್ನ ಆಫೀಸಿಗೆ ಕರೆದುಕೊಂಡು ಬಂದ. ಅವನು ಬಸ್ ಸ್ಟ್ಯಾಂಡಿನ ಹತ್ತಿರ ಮಳಿಗೆ ಹಾಕಿಕೊಂಡು ಹೊರದೇಶಕ್ಕೆ ಹೋಗುವವರಿಗೆ ಪಾಸ್‌ಪೋರ್ಟು, ಟಿಕೇಟು ಮಾಡಿಸಿಕೊಡುವವನು. ಹೆಂಗಸು ಕ್ಯಾತನಹಳ್ಳಿಯವಳು, ಮೂವತ್ತರ ಆಸುಪಾಸು. ಮಗುವಿಗೆ ಆರು ತುಂಬಿರಬಹುದು.

ವಿಷಯವನ್ನೆಲ್ಲ ಏಜೆಂಟನೇ ಹೇಳಿದ. ಹೆಂಗಸಿನ ಗಂಡ ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ಮಗು ಮಡಿಲಲ್ಲಿದ್ದಾಗಲೇ ಮಸ್ಕತ್ತಿಗೆ ಹೋಗಿದ್ದಾನೆ. ಈಗ ಕಂಪನಿ ಅವನಿಗೆ ಮನೆ ಕೊಟ್ಟಿದೆ, ಹೆಂಡತಿ ಮಗುವನ್ನು ಕರೆಸಿಕೊಳ್ಳಲು ವೀಸಾ ಕಳಿಸಿದೆ. ವೀಸಾದ ಗಡುವಿನೊಳಗೆ ಹೋಗದಿದ್ದರೆ ಮನೆ ಇನ್ನೊಬ್ಬನ ಪಾಲು. ಹೆಂಡತಿಯ ಪಾಸ್‌ಪೋರ್ಟು ಬಂದಿದೆ. ಮಗುವಿನ ಅರ್ಜಿ ಮಾತ್ರ ವಾಪಸು ಬಂದಿದೆ. ಯಾಕೆಂದರೆ ಅರ್ಜಿಯಲ್ಲಿ ತಾಯಿಯ ಹೆಸರು ಒಂದು, ಶಾಲೆಯ ಸರ್ಟಿಫಿಕೇಟಿನಲ್ಲಿ ತಾಯಿಯ ಹೆಸರು ಇನ್ನೊಂದು.

“ಮೇಷ್ಟ್ರು ತಪ್ಪು ಬರ್ದವ್ರೆ ಸಾರ್. ತಂದೆ ಒಪ್ಪಿಗೆ ಅಲ್ಲಿಂದ ಬಂದದೆ. ತಾಯಿದೊಂದು ಪ್ರಮಾಣಪತ್ರ ನೀವು ಮಾಡ್ಕೊಟ್ರೆ ಆಯ್ತು. ಒಂದು ಸೈನು, ಒಂದು ಸೀಲು.”

ಸಣ್ಣ ಕೆಲಸ ಎಂದು ಯಾರಾದರೂ ಹೇಳಿದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಮೇಷ್ಟ್ರುಗಳು ತಪ್ಪು ಬರೆಯುವುದುಂಟು. ಇನಿಷಿಯಲ್ ಬಿಟ್ಟುಹೋಗುತ್ತದೆ, ಗೌಡ ಹೋಗಿ ಗೌಡ್ರು ಆಗುತ್ತದೆ. ಆದರೆ ತಂದೆಯ ಹೆಸರು, ಊರು, ಎಲ್ಲ ಸರಿಯಾಗಿದ್ದು ತಾಯಿಯ ಹೆಸರು ಮಾತ್ರ ಬುಡಸಮೇತ ಬೇರೆಯಾಗುವುದು ತಪ್ಪಲ್ಲ. ಅಲ್ಲಿ ಇನ್ನೊಬ್ಬಳು ಹೆಂಗಸು ಇದ್ದಾಳೆ ಎಂದೇ ನನಗನ್ನಿಸಿತು.

ನನ್ನ ಪದ್ಧತಿಯ ಪ್ರಕಾರ ದೊಡ್ಡವರಿಬ್ಬರನ್ನೂ ಹೊರಗೆ ಜಗಲಿಗೆ ಕಳಿಸಿದೆ. ಮಗುವಿಗೆ ಪೆಪ್ಪರ್‌ಮೆಂಟು ಕೊಟ್ಟು ಹೆಸರು ಕೇಳಿದೆ. ತಿಪ್ಪಿ ಅಂದಳು. ಶಾಲೆಯಲ್ಲಿ ಬರೆಸಿದ ಹೆಸರು ಬೇರೆ ಇತ್ತು, ಅದನ್ನೂ ಹೇಳಿದಳು. ಚೂಟಿ ಹುಡುಗಿ.

“ನಿನ್ನ ಕರ್ಕೊಂಡು ಬಂದೋರು ಯಾರವ್ವ?”

“ಅತ್ತೆ.”

“ನಿಮ್ಮವ್ವ ಎಲ್ಲಿದ್ದಾಳೆ?”

“ಅವ್ವ ಒಣಕೆರೇಲವ್ಳೆ.”

“ಹಾಗಾದ್ರೆ ನೀನು ಅತ್ತೆ ಮನೇಲಿ ಯಾಕಿದ್ದೀಯ?”

ಅವಳಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. “ಅಲ್ಲೇ ಇರೋದು,” ಎಂದು ಪೆಪ್ಪರ್‌ಮೆಂಟನ್ನು ಈ ದವಡೆಯಿಂದ ಆ ದವಡೆಗೆ ತಳ್ಳಿದಳು. ರಜಕ್ಕೆ ಅವ್ವನ ಮನೆಗೆ ಹೋಗುತ್ತಾಳಂತೆ. ಅಲ್ಲಿ ಐದು ಜನ ಅಣ್ಣಂದಿರಂತೆ.

ಯಾರದೋ ಮಗುವನ್ನು ತನ್ನದೆಂದು ಬರೆಸಿ ಕಡಲಾಚೆಗೆ ಸಾಗಿಸುವ ಸುದ್ದಿಗಳನ್ನು ಪೇಪರಿನಲ್ಲಿ ಓದಿದ್ದೆ. ಅದು ನನ್ನ ಮೇಜಿನ ತನಕ ಬರುತ್ತದೆಂದು ಅಂದುಕೊಂಡಿರಲಿಲ್ಲ. ಹೆಂಗಸನ್ನು ಒಳಗೆ ಕರೆದೆ. ಪ್ರಮಾಣಪತ್ರದ ಕರಡನ್ನು ಓದಿ ಹೇಳಿ, “ಸಹಿ ಆಮೇಲೆ. ಮೊದಲು ಬಾಯಲ್ಲಿ ಹೇಳಮ್ಮ, ಈ ಮಗು ನನ್ನ ಹೊಟ್ಟೇಲಿ ಹುಟ್ಟಿದ ಮಗಳು ಅಂತ,” ಎಂದೆ.

ಅವಳು ತಲೆ ತಗ್ಗಿಸಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ಕಾಗ್ದದಲ್ಲಿ ಬರ್ದದ್ಯಲ್ಲ ಸ್ವಾಮಿ. ಅಂಗೇ ಸೈನ್ ಮಾಡ್ತೀನಿ,” ಅಂದಳು.

“ಬರೆದದ್ದನ್ನ ಬಾಯಲ್ಲಿ ಹೇಳೋಕೆ ಏನಮ್ಮ ಕಷ್ಟ?”

ಬಾಗಿಲಿನಿಂದ ಏಜೆಂಟ, “ಎದ್ರಕೊಂಡವ್ಳೆ ಸಾರ್. ಕರೀ ಕೋಟ್ ಕಂಡ್ರೆ ಎಲ್ಲಾರ್ಗೂ ಅಂಗೇಯ,” ಅಂದ. ಕಾಗದಗಳನ್ನು ಮಡಿಸಿ ಅವನ ಕೈಗೆ ಕೊಟ್ಟು, ಈ ವಾರದ ಕೊನೆಗೆ ಬನ್ನಿ, ವಿಚಾರಿಸಿ ಹೇಳುತ್ತೇನೆ ಎಂದೆ. ಅವನ ಮುಖ ಸಪ್ಪಗಾಯಿತು. ಹೆಂಗಸು ಮಾತ್ರ ಬದುಕಿದೆ ಅನ್ನುವ ಹಾಗೆ ಎದ್ದು ಹೊರಟಳು. ಅದಂತೂ ನನ್ನ ಅನುಮಾನಕ್ಕೆ ಇನ್ನಷ್ಟು ಎಣ್ಣೆ ಹೊಯ್ದಿತು.

ಆವತ್ತೇ ಪೊಲೀಸು ಸ್ಟೇಷನ್ನಿನ ಮೆಟ್ಟಿಲು ಹತ್ತಬೇಕೆಂದಿದ್ದೆ. ಗೇಟಿನವರೆಗೂ ಹೋಗಿದ್ದೆ. ಆದರೆ ಒಮ್ಮೆ ಅವರು ಜೀಪು ತೆಗೆದುಕೊಂಡು ಹಳ್ಳಿಗೆ ಹೋದರೆ, ಸತ್ಯ ಏನೇ ಇರಲಿ, ಆ ಮಗುವಿಗೆ ಒಂದು ಕೆಟ್ಟ ಹೆಸರು ಅಂಟಿಕೊಳ್ಳುತ್ತದೆ. ಮೊದಲು ನಾನೇ ನೋಡಿ ಬರೋಣ ಎಂದುಕೊಂಡು ಗುರುವಾರ ನಾಗಮಂಗಲದ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ, ಮಗು ಒಣಕೆರೆ ಎಂದಿದ್ದ ಹೊಣಕೆರೆಗೆ.

ಶಾಲೆಯ ಸರ್ಟಿಫಿಕೇಟಿನಲ್ಲಿದ್ದ ಹೆಸರು ಹೇಳಿ ಕೇಳಿದಾಗ ಮನೆ ತೋರಿಸಿದರು. ಕೊಟ್ಟಿಗೆಯ ಮುಂದೆ ಅರವತ್ತು ದಾಟಿದ ಹೆಂಗಸೊಬ್ಬಳು ಸಗಣಿ ಬಾಚುತ್ತಿದ್ದಳು. ಗಟ್ಟಿಮುಟ್ಟಾದ ಆಳು. ಆರು ವರ್ಷದ ಮಗುವಿನ ತಾಯಿಯಾಗುವ ವಯಸ್ಸಂತೂ ಅಲ್ಲ. ನಾನು ಲಾಯರು ಅನ್ನಲಿಲ್ಲ, ಮಸ್ಕತ್ತು ಅನ್ನಲಿಲ್ಲ. ಸಾಕ್ಷಿಯ ಬಾಯಿಗೆ ಉತ್ತರವನ್ನು ನಾವೇ ಇಡಬಾರದು. ಶಾಲೆಯ ದಾಖಲೆ ವಿಚಾರವಾಗಿ ಬಂದಿದ್ದೇನೆ, ಕ್ಯಾತನಹಳ್ಳಿಯ ತಿಪ್ಪಿ ಯಾರ ಮಗಳು ಎಂದಷ್ಟೇ ಕೇಳಿದೆ.

“ನನ್ನ ಮಗ್ಳು. ಯಾಕಪ್ಪ, ಏನಾರ ಆಯ್ತಾ ಮಗೀಗೆ?”

“ನೀವೇ ಹೆತ್ತದ್ದಾ?”

“ಈ ವಯಸ್ನಲ್ಲಾ?” ಎಂದು ನಕ್ಕಳು. ಸಗಣಿ ಕೈಯನ್ನು ಗೋಡೆಗೆ ಒರೆಸಿದಳು. “ಎತ್ತಿಲ್ಲ. ಕೊಂಡಿವ್ನಿ.”

ಕೊಂಡಿದ್ದೇನೆ! ಮಗುವನ್ನು ಕೊಂಡದ್ದು ಅಪರಾಧ ಎಂದು ಈ ಹೆಂಗಸಿಗೆ ಯಾರಾದರೂ ಹೇಳಬಾರದಿತ್ತೆ ಎಂದು ನಾನು ಬಾಯಿ ತೆರೆಯುವುದರೊಳಗೆ ಅವಳೇ ಮುಂದುವರಿಸಿದಳು.

“ಒಂದ್ ಮೊರ ತೌಡು ಕೊಟ್ಟು ಕೊಂಡ್ಕೊಂಡೆ. ಅದ್ನ ಎತ್ತೋಳ್ಗೆ ಮೊದ್ಲು ಉಟ್ಟಿದ್ ಮೂರು ಮಕ್ಳು ಒಂದೂ ಕೈಗತ್ಲಿಲ್ಲ. ಇದು ಉಟ್ಟಿದ್ ದಿನ ಸೂಲಗಿತ್ತಿ ತಿಪ್ಪೆ ಮ್ಯಾಲೆ ಮಲಗ್ಸುದ್ಲು. ನಾನಾಗ ಕ್ಯಾತ್ನಳ್ಳೀಲಿ ನೆಂಟ್ರ ಮನೇಲಿದ್ದೆ. ಐದ್ ಎತ್ತೋಳು, ಐದೂ ಗಂಡು, ಒಂದೂ ಕೈ ಬುಡ್ಲಿಲ್ಲ. ಅದ್ಕೇ ನನ್ನ ಕರ್ದ್ರು. ತೌಡು ಸುರ್ದು, ಇದು ನಂದು ಅಂತ ಎತ್ಕಂಡೆ. ಸಾಕಕ್ಕೆ ಅವ್ಳ ಮಡ್ಲಿಗೆ ಕೊಟ್ಟೆ.”

ಮಗು ಉಳಿಯಲಿ ಎಂದು ತಿಪ್ಪೆಯ ಮೇಲೆ ಮಲಗಿಸಿ ಬೇರೆಯವರು ಕೊಂಡ ಮಕ್ಕಳು ನಮ್ಮ ಕಡೆ ಹೊಸದೇನಲ್ಲ. ನನ್ನ ಜೊತೆ ಓದಿದವರಲ್ಲೇ ತಿಪ್ಪಯ್ಯ ಒಬ್ಬನಿದ್ದ. ಆದರೆ ಹೆಸರಿಟ್ಟಲ್ಲಿಗೆ ಅದು ಮುಗಿಯಿತೆಂದು ನಾನು ತಿಳಿದಿದ್ದೆ. ಇವರು ಮುಗಿಸಿರಲಿಲ್ಲ. ಶಾಲೆಗೆ ಸೇರಿಸುವ ದಿನ ಕೊಂಡವಳೇ ಬಂದು ಸೇರಿಸಬೇಕು ಎಂದು ಹೊಣಕೆರೆಯಿಂದ ಇವಳನ್ನು ಕರೆಸಿದ್ದಾರೆ. ತಾಯಿ ಯಾರು ಎಂದು ಮೇಷ್ಟ್ರು ಕೇಳಿದಾಗ ಇವಳು ನಾನು ಅಂದಿದ್ದಾಳೆ. ಹೆತ್ತವಳು ಪಕ್ಕದಲ್ಲೇ ಸುಮ್ಮನೆ ನಿಂತಿದ್ದಾಳೆ. ಮೇಷ್ಟ್ರು ಬರೆದದ್ದರಲ್ಲಿ ತಪ್ಪೇ ಇರಲಿಲ್ಲ, ಹೇಳಿದ್ದನ್ನು ಬರೆದಿದ್ದರು.

ಹಿಂದಿರುಗುವಾಗ ಬಸ್ಸಿನಲ್ಲಿ ನನಗೆ ಸಮಾಧಾನವೂ ಆಯಿತು, ಸ್ವಲ್ಪ ನಿರಾಸೆಯೂ ಆಯಿತು. ಕಳ್ಳರನ್ನು ಹಿಡಿಯಲು ಹೊರಟವನಿಗೆ ತೌಡು ಸಿಕ್ಕಿತ್ತು. ಆದರೂ ಒಬ್ಬಳ ಮಾತಿನ ಮೇಲೆ ಸೀಲು ಒತ್ತುವವನು ನಾನಲ್ಲ. ಮರುದಿನ ಕ್ಯಾತನಹಳ್ಳಿಗೆ ಹೋಗಿ ಸೂಲಗಿತ್ತಿಯನ್ನು ಕಂಡೆ. ಅವಳೂ ಅದನ್ನೇ, ಇನ್ನೂ ಉದ್ದವಾಗಿ ಹೇಳಿದಳು.

ವಾರದ ಕೊನೆಗೆ ಏಜೆಂಟ ಹೊಸ ಉಪಾಯದೊಂದಿಗೆ ಬಂದ. ಹೆಂಗಸೂ ಮಗುವೂ ಜೊತೆಗಿದ್ದರು.

“ಸುಮ್ನೆ ಯಾಕ್ ಎಳ್ದಾಡೋದು ಸಾರ್? ಕಾಗ್ದದಲ್ಲಿ ಆ ಒಣಕೆರೆಯವ್ರೇ ತಾಯಿ ಅಂತ ಅದೆ. ಅಂಗೇ ಇರ್ಲಿ ಬುಡಿ. ಅವ್ರ ಕೈಲೇ ಒಪ್ಪಿಗೆಗೆ ಎಬ್ಬೆಟ್ಟು ಒತ್ಸಿ. ಮಗು ತಂದೆ ತಾವ್ಕೆ ನೆಂಟ್ರ ಜೊತೇಲಿ ಓಯ್ತದೆ ಅಂತ ಬರೀರಿ. ಅರ್ಜಿ ನಾನ್ ತಿದ್ದುಸ್ತೀನಿ. ಕಾಗ್ದ ಕಾಗ್ದಕ್ಕೆ ತಾಳೆ ಆಯ್ತದೆ.”

ತಾಳೆಯೇನೋ ಆಗುತ್ತಿತ್ತು. ಹದಿನೈದು ದಿನದಲ್ಲಿ ಪಾಸ್‌ಪೋರ್ಟು ಬರುತ್ತಿತ್ತು. ಆದರೆ ಅದು ಸುಳ್ಳು; ಮೇಷ್ಟ್ರು ತಪ್ಪು ಬರೆದರು ಎಂಬ ಮೊದಲಿನ ಪ್ರಮಾಣಪತ್ರವೂ ಸುಳ್ಳೇ. ಇನ್ನೊಂದು ದಾರಿ ಉದ್ದದ್ದು. ಮಗುವಿನ ಜನನವೇ ನೋಂದಣಿಯಾಗಿರಲಿಲ್ಲ. ವರ್ಷ ದಾಟಿದ ಜನನವನ್ನು ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅದಕ್ಕೆ ಅರ್ಜಿ, ಸಾಕ್ಷಿ, ವಿಚಾರಣೆ. ಆದೇಶ ಬಂದ ಮೇಲೆ ಜನನ ಪತ್ರ, ಅದರ ಮೇಲೆ ಶಾಲೆಯ ತಿದ್ದುಪಡಿ, ಆಮೇಲೆ ಪಾಸ್‌ಪೋರ್ಟು. ವೀಸಾದ ಗಡುವಿನೊಳಗೆ ಆಗುತ್ತದೋ ಇಲ್ಲವೋ ಹೇಳುವ ಹಾಗಿರಲಿಲ್ಲ.

ನನ್ನ ಅನುಮಾನ ಈಗ ಮಸ್ಕತ್ತಿನ ಕಡೆ ತಿರುಗಿತು. ಆ ಫಿಟ್ಟರನ್ನು ನಾನು ನೋಡಿಲ್ಲ. ಒಳ್ಳೆಯವನೇ ಇರಬಹುದು. ಆದರೆ ನಾಳೆ ಅವನು ಇವಳನ್ನು ಬೇಡ ಅಂದರೆ? ಪರದೇಶದಲ್ಲಿ, ಭಾಷೆ ಬಾರದ ಕಡೆ, ಮಗುವಿನ ಕೈ ಹಿಡಿದು ವಿಮಾನ ಹತ್ತಲು ಹೋದರೆ ಕಾಗದ ಏನು ಹೇಳುತ್ತದೆ? ಈ ಮಗುವಿಗೂ ಇವಳಿಗೂ ಸಂಬಂಧವಿಲ್ಲ ಎನ್ನುತ್ತದೆ. ತಂದೆಯ ಒಪ್ಪಿಗೆ ಇಲ್ಲದೆ ಇವಳು ಬರಿಗೈಯಲ್ಲಿ ಬರಬೇಕು. ಆ ಸುಳ್ಳಿಗೆ ನನ್ನ ಸೀಲು ಇರುತ್ತದೆ.

ಇದನ್ನೆಲ್ಲ ಬಿಡಿಸಿ ಹೇಳಿದೆ. ಏಜೆಂಟ ಹಣೆ ಚಚ್ಚಿಕೊಂಡ. ಹೆಂಗಸು ಮೊದಲ ಸಲ ನನ್ನ ಮುಖ ನೋಡಿದಳು. “ಮಗೀನ ಬುಟ್ಟು ನಾನೋಗಲ್ಲ ಸ್ವಾಮಿ. ಅವ್ರು ಬೇಕು, ಮಗಾನೂ ಬೇಕು. ನೀವ್ ಎಂಗ್ ಯೋಳ್ತೀರೋ ಅಂಗೆ,” ಅಂದಳು. ವಕೀಲನಾಗಿ ನಿಂತ ಮೇಲೆ ಅದೇ ವಿಷಯಕ್ಕೆ ನಾನೇ ನೋಟರಿಯಾಗುವುದು ಸರಿಯಲ್ಲ. ಸೀಲನ್ನು ಡ್ರಾಯರಿಗೆ ಹಾಕಿ ವಕಾಲತ್ತಿಗೆ ಸಹಿ ಹಾಕಿಸಿಕೊಂಡೆ.

ವಿಚಾರಣೆಯ ದಿನ ಸೂಲಗಿತ್ತಿ ಚೆನ್ನಾಗಿಯೇ ಸಾಕ್ಷಿ ಹೇಳಿದಳು. ಯಾವ ಹಬ್ಬದ ಹಿಂದು ಮುಂದು ಹೆರಿಗೆಯಾಯಿತು, ಮಗು ಮೊದಲು ಅತ್ತಿತೋ ಸೀನಿತೋ ಎಲ್ಲ ಹೇಳಿದಳು. ಆಮೇಲೆ ತಾಯಿಯನ್ನು ಕಟಕಟೆಗೆ ಕರೆದರು. ಮ್ಯಾಜಿಸ್ಟ್ರೇಟರು ಉತ್ತರದ ಜಿಲ್ಲೆಯವರು, ನಮ್ಮ ತಾಲೂಕಿಗೆ ಹೊಸಬರು. ಪ್ರಮಾಣ ಮಾಡಿಸಿ ಅವರೇ ಕೇಳಿದರು.

“ಈ ಮಗು ಯಾರ ಮಗುವಮ್ಮ?”

ಅವಳು ಕಟಕಟೆಯ ಮರವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ತುಟಿ ಅಲ್ಲಾಡಿತು.

“ನಿನ್ನ ಮಗಳು ಹೌದೋ ಅಲ್ಲವೋ?”

ಕಣ್ಣಲ್ಲಿ ನೀರು ಸುರಿಯಿತೇ ಹೊರತು ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. ಶಾಲೆಯ ಸರ್ಟಿಫಿಕೇಟನ್ನು ಇನ್ನೊಮ್ಮೆ ಎತ್ತಿ ನೋಡಿದರು. “ತಾಯಿ ಅಂತ ಅರ್ಜಿ ಹಾಕ್ತಾರೆ, ಮಗು ನಿನ್ನದಾ ಅಂದ್ರೆ ಬಾಯಿ ಬಿಡೋದಿಲ್ಲ. ಏನಿದು ವಕೀಲರೇ? ಮುಂದಿನ ಸಲ ಈ ದಾಖಲೆಯಲ್ಲಿರೋ ಹೆಂಗಸನ್ನ ಹಾಜರುಪಡಿಸಿ. ಇಲ್ಲದಿದ್ರೆ ಪೊಲೀಸರಿಂದ ವರದಿ ತರಿಸಬೇಕಾಗುತ್ತೆ,” ಎಂದು ಎರಡು ವಾರ ಮುಂದಕ್ಕೆ ಹಾಕಿದರು. ಅವರು ನನ್ನನ್ನು ನೋಡಿದ ನೋಟ ನನಗೆ ಗುರುತು ಸಿಕ್ಕಿತು. ನಾನು ಮೊದಲ ದಿನ ಏಜೆಂಟನನ್ನು ನೋಡಿದ್ದು ಹಾಗೆಯೇ.

ಕೋರ್ಟಿನ ಹೊರಗೆ ಬಂದ ಮೇಲೆ ನನಗೆ ಕೋಪ ತಡೆಯಲಾಗಲಿಲ್ಲ. ಹೌದು ಎಂಬ ಎರಡು ಅಕ್ಷರ ಹೇಳಲು ನಿನಗೇನು ಬಂದಿತ್ತು, ಇಷ್ಟೆಲ್ಲ ಯಾರಿಗಾಗಿ ಮಾಡುತ್ತಿರುವುದು ಎಂದು ಜೋರು ಮಾಡಿದೆ. ಮಗು ನೀರಿನ ಟ್ಯಾಂಕಿನ ಹತ್ತಿರ ಆಡುತ್ತಿತ್ತು. ಅದಕ್ಕೆ ಕೇಳದಷ್ಟು ದೂರ ಇದೆಯೇ ಎಂದು ನೋಡಿಕೊಂಡು ಅವಳು ಹೇಳಿದಳು.

“ಮೂರು ಮಣ್ಣಿಗಿಟ್ಟಿವ್ನಿ ಸ್ವಾಮಿ. ಮೂರಕ್ಕೂ ನನ್ನ ಮಗ, ನನ್ನ ಮಗ್ಳು ಅಂತ ಬಾಯ್ತುಂಬ ಅಂದಿದ್ದೆ. ಇದ್ನ ಒಂದ್ ದಪನೂ ಅಂಗಂದಿಲ್ಲ. ಇದು ಉಳ್ಕಂಡದೆ.”

ಆರು ವರ್ಷ ತನ್ನ ಪಕ್ಕದಲ್ಲಿ ಮಲಗಿದ ಮಗುವಿನಿಂದ ಅತ್ತೆ ಅನ್ನಿಸಿಕೊಂಡವಳು ಇವಳು. ನಾನು ಕಳ್ಳತನ ಎಂದುಕೊಂಡದ್ದು ಇದನ್ನು. ನನಗೆ ಕೆಟ್ಟದೆನಿಸಿತು.

ಇದಕ್ಕೆ ಬಿಡುಗಡೆ ಇಲ್ಲವೇ ಎಂದು ಕೇಳಿದೆ. ಇದೆಯಂತೆ. ಕೊಂಡವಳು ತೌಡು ವಾಪಸು ತೆಗೆದುಕೊಂಡು, ತಾನಾಗಿ ಮಗುವನ್ನು ಹೆತ್ತವಳ ಮಡಿಲಿಗೆ ಕೊಟ್ಟರೆ ಆಯಿತು. ಆಮೇಲೆ ಬಾಯಿ ತುಂಬ ಅನ್ನಬಹುದು. ಸಾಮಾನ್ಯವಾಗಿ ಮದುವೆಯ ಹೊತ್ತಿಗೆ ಹಾಗೆ ಮಾಡುತ್ತಾರಂತೆ. “ನಾನಾಗಿ ಕೇಳೋ ಅಂಗಿಲ್ಲ. ಅವ್ರಾಗೇ ಕೊಡ್ಬೇಕು,” ಅಂದಳು.

ಮ್ಯಾಜಿಸ್ಟ್ರೇಟರಿಗೆ ವಾದ ಮಾಡಿ ಒಪ್ಪಿಸುವುದು ಬಿಟ್ಟು ಹೊಣಕೆರೆಯವಳನ್ನು ಒಪ್ಪಿಸುವುದೇ ಸರಿ ಎಂದು ನಾನು ತೀರ್ಮಾನಿಸಿದ್ದು ಅಲ್ಲೇ. ಸಮನ್ಸು ಕೊಡಿಸಿದರೆ ಅವಳು ಸಾಕ್ಷಿಗೆ ಬರುತ್ತಾಳೆ. ಆದರೆ ಸಮನ್ಸಿಗೆ ಬಂದವಳು ತೌಡು ತೆಗೆದುಕೊಳ್ಳುವುದಿಲ್ಲ. ಮತ್ತೆ ನಾಗಮಂಗಲದ ಬಸ್ಸು ಹತ್ತಿದೆ. ಈ ಸಲ ಎಲ್ಲವನ್ನೂ ಹೇಳಿದೆ. ಅವಳು ಪಡಸಾಲೆಯಲ್ಲಿ ಕೂರಿಸಿ, ಕಾಫಿ ಕೊಟ್ಟು, ನನ್ನನ್ನೇ ವಿಚಾರಣೆಗೆ ತೆಗೆದುಕೊಂಡಳು.

“ಆ ಊರ್ನ ನೀವು ನೋಡಿದ್ದೀರಾ?”

“ಇಲ್ಲ.”

“ಅವ್ನ ನೋಡಿದ್ದೀರಾ? ಮಗೀನಪ್ಪನ?”

“ಇಲ್ಲ.”

“ಮಗ ಮಡ್ಲಲ್ಲಿದ್ದಾಗ ಓದೋನು. ಒಂದ್ ದಪ ಬಂದು ಮಕ ನೋಡ್ನಿಲ್ಲ. ಅಲ್ಲಿ ಇನ್ನೊಬ್ಳ ಮಡಿಕ್ಕಂಡಿಲ್ಲ ಅಂತ ನಿಮ್ಗೆ ಗೊತ್ತಾ?”

“ಗೊತ್ತಿಲ್ಲ.”

“ಮತ್ತೆ ಯಾರ್ ಮಾತ ನಂಬ್ಕಂಡು ನನ್ ಮಗ್ಳ ಕಳ್ಸು ಅಂತ ಬಂದಿದ್ದೀರಿ?”

ಇಷ್ಟು ವರ್ಷದ ವಕೀಲಿಯಲ್ಲಿ ನನಗಿಂತ ಹೆಚ್ಚು ಅನುಮಾನದ ಮನುಷ್ಯರನ್ನು ನಾನು ಕಂಡಿರಲಿಲ್ಲ. ನಾನೇ ಕೇಳಿಕೊಂಡ ಪ್ರಶ್ನೆಗಳು ಅವಳ ಬಾಯಿಂದ ಬರುತ್ತಿದ್ದವು. ಅದಕ್ಕೇ ಕಾಗದ ಸರಿಯಾಗಿರಬೇಕು, ಹೆತ್ತವಳ ಹೆಸರಿದ್ದರೆ ಅವಳು ಮಗುವನ್ನು ವಾಪಸು ಕರೆತರಬಹುದು ಎಂದೆಲ್ಲ ಹೇಳಿದೆ. ಅವಳು ಲೋಟ ಎತ್ತಿಕೊಂಡು ಎದ್ದಳು. “ಕೋರ್ಟ್ಗೆ ಬತ್ತೀನಿ. ಕೇಳಿದ್ಕೆ ಯೋಳ್ತೀನಿ. ತೌಡು ಗೀಡು ನಂಗೆ ಬ್ಯಾಡ. ಮಗೀಗೆ ನಾಳೆ ಏನಾರ ಆದ್ರೆ ಯಾರ್ ಒಣೆ? ನನ್ ಮಗ್ಳು ನನ್ ಮಗ್ಳೇ.”

ಬರಿಗೈಯಲ್ಲಿ ಬಂದೆ. ಹಾಗೆ ಅವಳು ಕೋರ್ಟಿನಲ್ಲಿ ನನ್ನ ಮಗಳು, ಕೊಂಡಿದ್ದೇನೆ ಎಂದುಬಿಟ್ಟರೆ ಅರ್ಜಿಯ ಕಥೆ ಮುಗಿಯಿತು, ಪೊಲೀಸರ ಕಥೆ ಶುರುವಾಗುತ್ತದೆ. ಏಜೆಂಟ ಎದುರಿಗೆ ಸಿಕ್ಕಾಗಲೆಲ್ಲ ಗಡುವು ನೆನಪಿಸುತ್ತಿದ್ದ. ತಾಯಿಗೆ ನಡೆದದ್ದನ್ನು ಹೇಳಿ ಕಳಿಸಿದೆ. ಅವಳು ಮಗುವನ್ನು ಕರೆದುಕೊಂಡು ಹೊಣಕೆರೆಗೆ ಹೋಗಿದ್ದಾಳೆಂದು ಆಮೇಲೆ ತಿಳಿಯಿತು. ಅವಳೂ ಬರದೆ ಹೋದರೆ ಏನು ಮಾಡುವುದು ಎಂಬ ಹೊಸ ಚಿಂತೆ ಹತ್ತಿಕೊಂಡಿತು.

ವಿಚಾರಣೆಯ ದಿನ ಬೆಳಿಗ್ಗೆ ಆಫೀಸಿನ ಬೀಗ ತೆಗೆಯುವಾಗ ಮೂವರೂ ಜಗಲಿಯ ಮೇಲೆ ಕೂತಿದ್ದರು. ಹೊಣಕೆರೆಯವಳ ಕಂಕುಳಲ್ಲಿ ಒಂದು ಬರಿಯ ಮೊರ, ಹಳೆಯದು, ಅಂಚಿಗೆ ಬಟ್ಟೆ ಹೊಲಿದದ್ದು. ನನಗೆ ಒಂದು ಕ್ಷಣ ನಂಬಿಕೆ ಬರಲಿಲ್ಲ.

“ಏನು, ಮನಸ್ಸು ಬದಲಾಯಿತಾ?” ಎಂದು ಕೇಳಿದೆ.

“ನೀವು ಬಂದು ಕೊಡು ಕೊಡು ಅಂದ್ರಿ. ಇವ್ಳು ಬಂದು ಏನೂ ಕೇಳ್ಲಿಲ್ಲ. ಮೂರ್ ದಿನ ನನ್ ಕೊಟ್ಟಿಗೆ ಕಸ ಬಾಚುದ್ಲು, ಮುದ್ದೆ ತೊಳುಸುದ್ಲು. ಮಗ ನನ್ನ ಅವ್ವ ಅನ್ನೋವಾಗೆಲ್ಲ ನಗ್ನಗ್ತಾ ಇದ್ಲು. ಕೇಳಿದ್ರೆ ಕೊಡ್ತಿರ್ಲಿಲ್ಲ ಸ್ವಾಮಿ. ಬಾಯ್ಬುಟ್ಟು ಕೇಳ್ದೆ ಇರೋಳ್ಗೆ ಎಂಗ್ ಇಲ್ಲ ಅನ್ಲಿ?” ಅಂದಳು. ನಂತರ ಸುತ್ತ ನೋಡಿ, “ಇಲ್ಲಿ ತಿಪ್ಪೆ ಎಲ್ಲದೆ? ತಿಪ್ಪೇಲಿ ಕೊಂಡಿದ್ದು, ತಿಪ್ಪೇಲೇ ಕೊಡ್ಬೇಕು,” ಅಂದಳು.

ಕರಿ ಕೋಟು ಹಾಕಿಕೊಂಡು ಪಾಂಡವಪುರದಲ್ಲಿ ತಿಪ್ಪೆ ಹುಡುಕಿದ ವಕೀಲ ನಾನೊಬ್ಬನೇ ಇರಬೇಕು. ರೈಸ್ ಮಿಲ್ಲಿನಿಂದ ತಾಯಿ ಒಂದು ಚೀಲದಲ್ಲಿ ತೌಡು ತಂದಳು. ಮಿಲ್ಲಿನ ಹಿಂದೆ ಎಮ್ಮೆ ಕಟ್ಟಿದ ಮನೆಯೊಂದರ ತಿಪ್ಪೆ ಇತ್ತು. ಮನೆಯವರು ಏನು ಎತ್ತ ಎಂದು ಕೇಳಿ, ವಿಷಯ ತಿಳಿದ ಮೇಲೆ ಅವರೇ ಒಂದು ಹಳೆಯ ಚಾಪೆ ತಂದು ಹಾಸಿದರು. ತಿಪ್ಪಿಯನ್ನು ಅದರ ಮೇಲೆ ಕೂರಿಸಿದರು. ಗಬ್ಬು ನಾರುತ್ತದೆ ಎಂದು ಅವಳು ಮೂಗು ಹಿಡಿದುಕೊಂಡು ನಗುತ್ತಿದ್ದಳು. ತಾಯಿ ಮೊರದ ತುಂಬ ತೌಡು ಹಾಕಿ ಹೊಣಕೆರೆಯವಳ ಸೆರಗಿಗೆ ಸುರಿದಳು. ಹೊಣಕೆರೆಯವಳು ಅದನ್ನು ಚೀಲಕ್ಕೆ ಬಗ್ಗಿಸಿ, ಸೆರಗು ಕೊಡವಿ, ಬಗ್ಗಿ ಮಗುವನ್ನು ಎತ್ತಿದಳು. ಅಷ್ಟು ದೊಡ್ಡ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ತುಸು ಹೊತ್ತು ಸುಮ್ಮನೆ ನಿಂತಳು. ಈಗಲೂ ಇವಳು ಮನಸ್ಸು ಬದಲಿಸಬಹುದು ಎಂದು ನಾನು ಗಡಿಯಾರ ನೋಡಿಕೊಂಡೆ. ಅವಳು ಬದಲಿಸಲಿಲ್ಲ. “ನಿನ್ ಮಗ್ಳು ನಿಂಗೆ. ನೂರ್ ವರ್ಸ ಬಾಳ್ಲಿ,” ಎಂದು ತಾಯಿಯ ತೋಳಿಗೆ ದಾಟಿಸಿದಳು.

ಕೋರ್ಟಿನಲ್ಲಿ ತಾಯಿಯನ್ನು ಮೊದಲು ಕರೆದರು. ಮ್ಯಾಜಿಸ್ಟ್ರೇಟರು ಅದೇ ಪ್ರಶ್ನೆ ಕೇಳಿದರು. ಅವಳು “ನನ್ನ ಮಗ್ಳು,” ಅಂದಳು. ಅವರು ಬರೆದುಕೊಳ್ಳಲು ತಲೆ ಬಗ್ಗಿಸಿದಾಗ ಯಾರೂ ಕೇಳದೆಯೇ ಇನ್ನೊಮ್ಮೆ, ಸ್ವಲ್ಪ ಜೋರಾಗಿ, “ನನ್ನ ಮಗ್ಳು ಸ್ವಾಮಿ,” ಅಂದಳು. ನಾನು ಕಡತ ತಿರುವುವ ನೆಪದಲ್ಲಿ ಬಗ್ಗಿದೆ.

ಆಮೇಲೆ ಹೊಣಕೆರೆಯವಳು. ಅವಳಿಗೆ ಏನು ಹೇಳಬೇಕೆಂದು ನಾನು ಹೇಳಿಕೊಟ್ಟಿರಲಿಲ್ಲ. ಕೊಂಡೆ ಎಂಬ ಮಾತು ಬಂದರೆ ಏನು ಮಾಡಲಿ ಎಂದು ಯೋಚಿಸುತ್ತ ಕೂತಿದ್ದೆ. ಮ್ಯಾಜಿಸ್ಟ್ರೇಟರು ಸರ್ಟಿಫಿಕೇಟು ತೋರಿಸಿ, ಇದರಲ್ಲಿ ತಾಯಿ ಎಂದು ಬರೆಸಿದವರು ನೀವೇನಾ ಎಂದರು. ಹೌದು ಅಂದಳು.

“ಈ ಮಗುವಿಗೆ ನೀವು ಏನಾಗಬೇಕು?”

“ಇವತ್ ಒತ್ತಾರೆಗಂಟ ಅವ್ವ ಆಗಿದ್ದೆ ಸ್ವಾಮಿ. ಈಗ ಏನೂ ಅಲ್ಲ.”

ಮ್ಯಾಜಿಸ್ಟ್ರೇಟರು ತಲೆಯೆತ್ತಿದರು. ನಾನು ಎದ್ದು, ಮಕ್ಕಳು ಬದುಕದ ಮನೆಗಳಲ್ಲಿ ಈ ಕಡೆ ಮಾಡುವ ಪದ್ಧತಿಯನ್ನು ವಿವರಿಸಿದೆ. ಅವರು ಮಧ್ಯದಲ್ಲಿ ಕೈ ಎತ್ತಿ ತಡೆದರು. ತಮ್ಮೂರಿನಲ್ಲೂ ಇಂಥದು ಉಂಟು, ಅಲ್ಲಿ ಜೋಳ ಕೊಡುತ್ತಾರೆ ಎಂದರು. ಹೆತ್ತವಳು ಯಾರು ಎಂದು ಅವಳನ್ನೇ ಕೇಳಿದರು. ಅವಳು ಬೆರಳು ಮಾಡಿ ತೋರಿಸಿದಳು. ಹೆಬ್ಬೆಟ್ಟು ಒತ್ತಿ ಕೆಳಗಿಳಿದಳು. ಆದೇಶ ಅಂದೇ ಆಯಿತು.

ಜನನ ಪತ್ರ, ಶಾಲೆಯ ತಿದ್ದುಪಡಿ, ಇನ್ನೊಬ್ಬ ನೋಟರಿಯ ಮುಂದೆ ತಾಯಿಯ ಪ್ರಮಾಣ, ಎಲ್ಲ ಒಂದರ ಹಿಂದೆ ಒಂದು ಆದವು. ಗಡುವಿಗೆ ಸ್ವಲ್ಪ ಮುಂಚೆ ಪಾಸ್‌ಪೋರ್ಟು ಬಂತು, ಅವರು ಹೋದರು. ಆದರೆ ಈ ಕೆಲಸ ನನ್ನ ಮಟ್ಟಿಗೆ ಮುಗಿದದ್ದು ಕೋರ್ಟಿನ ಆ ಸಂಜೆಯೇ, ಬಸ್ ಸ್ಟ್ಯಾಂಡಿನಲ್ಲಿ.

ಕ್ಯಾತನಹಳ್ಳಿಯ ಬಸ್ಸು ಮೊದಲು ಬಂತು. ತಾಯಿ ಮಗಳು ಹತ್ತಿ ಕಿಟಕಿಯ ಪಕ್ಕ ಕೂತರು. ಹೊಣಕೆರೆಯವಳು ನಾಗಮಂಗಲದ ಬಸ್ಸಿಗೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಮಡಿಲಲ್ಲಿ ತೌಡಿನ ಚೀಲ, ಅದರ ಮೇಲೆ ಮೊರ. ನಾನು ಪಕ್ಕದಲ್ಲಿ ನಿಂತಿದ್ದೆ. ಬಸ್ಸು ಅಲ್ಲಾಡಿದಾಗ ಮಗು ಕಿಟಕಿಯಿಂದ ತಲೆ ಹೊರಗೆ ಹಾಕಿ, “ಅವ್ವಾ,” ಎಂದು ಕೂಗಿತು. ಕೈ ಬೀಸುತ್ತ ಇನ್ನೊಮ್ಮೆ ಕೂಗಿತು.

ಅವಳು ಚೀಲದ ಬಾಯಿ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ. ವಯಸ್ಸಾದವಳು, ಗದ್ದಲದಲ್ಲಿ ಕೇಳಿಸಲಿಲ್ಲವೇನೋ ಎಂದು ನಾನು ಬಗ್ಗಿ, “ಮಗು ಕರೀತಿದೆ,” ಎಂದೆ.

“ಕೇಳ್ತು ಸ್ವಾಮಿ,” ಅಂದಳು. ಗಂಟು ಬಿಗಿದಳು. “ನನ್ನಲ್ಲ ಕರ್ದಿದ್ದು.”